ಮೈಕ್ ಸರಿಮಾಡಿಕೊಟ್ಟ ಅಣ್ಣನಿಗೆ

ವಿಶ್ವವಿದ್ಯಾಲಯದ ಸಾರ್ವಜನಿಕ ಉಪನ್ಯಾಸ ಮತ್ತು ಕೊಡವರ ಸಾಂಪ್ರದಾಯಿಕ ಹಾಡುಗಾರಿಕೆಯಾದ ಬಾಳೋಪಾಟ್ ಕಾರ್ಯಕ್ರಮದ ದಿನ ಧ್ವನಿವ್ಯವಸ್ಥೆ ಸರಿಮಾಡಿ, ಹೆಸರೂ ಹೇಳದೆ ಹೊರಟ ಅಣ್ಣನಿಗೆ ಸಂಘಟಕರೆಲ್ಲರ ಮನಃಪೂರ್ವಕ ಧನ್ಯವಾದ.

ಕೊಡಗಿನ ಮಳೆಗೆ ಶೀಟಿನ ಮಾಡಿನಡಿ ಮಾತು ಕೇಳಿಸುವುದೇ ಕಷ್ಟ. ಸದ್ದು ಏರಿಸಿದರೆ ಸ್ಪೀಕರಿನ ದನಿ ಮತ್ತೆ ಮೈಕಿಗೇ ಹೊಕ್ಕು ಕಿರುಚುತ್ತದೆ. ನೀವು ಸ್ಪೀಕರುಗಳನ್ನು ಮೈಕಿಗಿಂತ ಮುಂದಕ್ಕೆ ತಂದು, ಕುಳಿತವರ ತಲೆಗಿಂತ ಎತ್ತರಕ್ಕೇರಿಸಿ, ಸಭಿಕರತ್ತ ತುಸು ಬಾಗಿಸಿದಿರಿ. ಉಪನ್ಯಾಸಕರ ಮೈಕನ್ನು ಬಾಯಿಂದ ಒಂದು ಗೇಣಿನೊಳಗೆ ತಂದಿರಿ. ಕಿರುಚಾಟ ನಿಂತಿತು.

ಹಾಡುಗಾರರು ಹಾಡುತ್ತಲೇ ಬಾರಿಸುವ ಪುಟ್ಟ ಚರ್ಮವಾದ್ಯ ದುಡಿಯದು ಬೇರೆಯೇ ಲೆಕ್ಕ. ನಾಲ್ವರು ಹಾಡುಗಾರರಿಗೆ ನಾಲ್ಕು ಮೈಕ್ ಇಟ್ಟರೆ ಒಂದೇ ಪೆಟ್ಟು ನಾಲ್ಕರಲ್ಲೂ ಸೇರಿ ಪದಗಳು ಮುಳುಗುತ್ತವೆ. ಇಬ್ಬಿಬ್ಬರ ನಡುವೆ ಒಂದೊಂದು ಮೈಕ್, ಅದೂ ಬಾಯಿಯ ಮಟ್ಟಕ್ಕೆ. ದುಡಿಗೆ ಮೈಕೇ ಬೇಡ ಎಂದಿರಿ. ಹಾಡಿನ ಪದಪದವೂ ಹಿಂದಿನ ಸಾಲಿನ ಹಿರಿಯರಿಗೆ ಮುಟ್ಟಿತು. ಬಾಳೋಪಾಟಿಗೆ ಇದಕ್ಕಿಂತ ದೊಡ್ಡ ಗೌರವ ಯಾವುದಿದೆ?

ಕರೆಂಟ್ ಹೋದಾಗ ಮೊದಲು ಆಂಪ್ಲಿಫೈಯರ್ ಆಫ್ ಮಾಡಿ. ಜನರೇಟರ್ ಒಂದೇ ಸಮನೆ ಓಡತೊಡಗಿದ ಮೇಲೆ ಕೊನೆಗೆ ಅದನ್ನು ಆನ್ ಮಾಡಿ, ಇಲ್ಲದಿದ್ದರೆ ಏರಿಳಿಯುವ ವೋಲ್ಟೇಜಿಗೆ ಉಪಕರಣ ಸುಟ್ಟೀತು ಎಂದು ವಿದ್ಯಾರ್ಥಿಗಳಿಗೆ ಕಲಿಸಿಯೂ ಹೋದಿರಿ. ಮುಂದಿನ ಉಪನ್ಯಾಸಕ್ಕೆ ಖಂಡಿತ ಬನ್ನಿ ಅಣ್ಣಾ, ಮುಂದಿನ ಸಾಲಿನಲ್ಲಿ ನಿಮಗೊಂದು ಕುರ್ಚಿ ಇರುತ್ತದೆ.