ಹಾವೇರಿ ಜಿಲ್ಲಾಧಿಕಾರಿಗಳಿಗೆ: ಮನಸ್ಸಿನ ಕಾಯಿಲೆ ಬಗ್ಗೆ ಕಾಲೇಜಿಗೆ ಡಾಕ್ಟರನ್ನು ಕಳಿಸಿ ಹೇಳಿಸಿ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 30ನೇ ಕಲಂ ನಿಮಗೆ ಗೊತ್ತೇ ಇರುತ್ತದೆ. ಮನಸ್ಸಿನ ಕಾಯಿಲೆ ಇದ್ದವರನ್ನು ಕೀಳಾಗಿ ನೋಡುವುದು ಕಡಿಮೆಯಾಗಲು ಸರ್ಕಾರ ಕಾರ್ಯಕ್ರಮ ಮಾಡಬೇಕು ಅಂತ ಅದರಲ್ಲಿದೆ. ನಮ್ಮ ಹಾನಗಲ್ ತಾಲೂಕಿನ ಕಾಲೇಜುಗಳಿಗೆ ಅದು ಯಾವಾಗ ಬರುತ್ತದೆ?

ನನ್ನ ಮಗಳು ಸೆಕೆಂಡ್ ಪಿಯುಸಿಯಲ್ಲಿದ್ದಾಗ ಅವಳಿಗೆ ನಿದ್ದೆಯೇ ಬಾರದಂತಾಯಿತು. ಊಟ ಸೇರುತ್ತಿರಲಿಲ್ಲ. ಪುಸ್ತಕ ಹಿಡಿದರೆ ಕೈ ನಡುಗುತ್ತಿತ್ತು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಆದರೆ ಅಲ್ಲಿ ಪಾಳಿ ಹಚ್ಚಿದರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತೆ, ಅಲ್ವಾ? ಅದಕ್ಕೇ ಹುಬ್ಬಳ್ಳಿಗೆ ಜವಳಿ ತರೋಕೆ ಅಂತ ಹೇಳಿ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಔಷಧ ಹಿಡಿಸಿತು. ಮಗಳು ಮತ್ತೆ ಓದೋಕೆ ಕೂತಳು.

ಒಂದು ದಿನ ಕ್ಲಾಸಿನಲ್ಲಿ ಬ್ಯಾಗಿನಿಂದ ಡಾಕ್ಟರ ಚೀಟಿ ಜಾರಿ ಬಿತ್ತು. ಅದನ್ನು ಎತ್ತಿ ನೋಡಿದ ಉಪನ್ಯಾಸಕರು ಎಲ್ಲರ ಮುಂದೆ, "ಇಕಿಗೆ ಯಾರೂ ಏನೂ ಅನಬ್ಯಾಡ್ರಪಾ, ಧಾರವಾಡದ ಗುಳಿಗಿ ನುಂಗತಾಳ" ಅಂದರು. ಇಡೀ ಕ್ಲಾಸು ನಕ್ಕಿತು. ಆಮೇಲೆ ಅವಳ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ನನ್ನ ಮಗಳು ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ಹಿತ್ತಲಿಗೆ ಉಗುಳತೊಡಗಿದಳು. ನಮಗೆ ಗೊತ್ತಾಗುವಷ್ಟರಲ್ಲಿ ಕಾಯಿಲೆ ಮರುಕಳಿಸಿತ್ತು. ಪರೀಕ್ಷೆಯೂ ತಪ್ಪಿತು. ಕೇಳಲು ಹೋದರೆ ಪ್ರಿನ್ಸಿಪಾಲರು, "ಚಾಷ್ಟಿಗೆ ಅಂದಿರತಾರ, ದೊಡ್ಡದು ಮಾಡಬ್ಯಾಡ್ರಿ" ಅಂದರು. ಒಂದು ಹುಡುಗಿಯ ವರ್ಷವೇ ಹೋಯಿತು ಸಾಹೇಬರೇ, ಇನ್ನೆಷ್ಟು ದೊಡ್ಡದಾಗಬೇಕಿತ್ತು?

ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನ ಬಂದಾಗ ಬ್ಯಾನರ್ ಹಿಡಿದು ಜಾಥಾ ಮಾಡಿದರೆ ಸಾಲದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು, ಆಪ್ತಸಮಾಲೋಚಕರನ್ನು ಎಲ್ಲ ಹೈಸ್ಕೂಲು, ಪಿಯು ಕಾಲೇಜಿಗೆ ಕಳಿಸಿ. ಮೊದಲು ಕಲಿಸುವವರನ್ನು ಕೂರಿಸಿ ಹೇಳಿಸಿ, ಆಮೇಲೆ ಮಕ್ಕಳಿಗೆ. ವಾರಗಟ್ಟಲೆ ನಿದ್ದೆ ಬಾರದಿರುವುದು, ಸುಮ್ನೆ ಅಳು ಬರುವುದು ಸೋಮಾರಿತನ ಅಲ್ಲ, ದೆವ್ವದ ಗಾಳಿ ಸೋಂಕೂ ಅಲ್ಲ, ಇದಕ್ಕೆ ಚಿಕಿತ್ಸೆ ಇದೆ ಅಂತ ಡಾಕ್ಟರ ಬಾಯಿಂದಲೇ ಕೇಳಲಿ. ಗುಣ ಆದವರು ಒಪ್ಪಿದರೆ ಅವರನ್ನೂ ಮಾತಾಡಿಸಿ, ಅದು ಭಾಷಣಕ್ಕಿಂತ ಜಾಸ್ತಿ ನಾಟುತ್ತದೆ.

ಟೆಲಿ ಮಾನಸ್ 14416 ಅಂತ ಸಹಾಯವಾಣಿ 2022ರಿಂದ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗಳ ಕಾಲೇಜಿನ ಯಾವ ಗೋಡೆ ಮೇಲೂ ಆ ನಂಬರ್ ಇರಲಿಲ್ಲ. ಅದನ್ನು ಬರೆಸೋಕೆ ಎಷ್ಟು ಬಣ್ಣ ಬೇಕು?

ದಯವಿಟ್ಟು ಕಾಲೇಜುಗಳಿಗೆ ಡಾಕ್ಟರನ್ನು ಕಳಿಸಿ. ಯಾವ ಕಾಲೇಜಿಗೆ ಯಾವ ದಿನ ಅಂತ ಪಟ್ಟಿ ಹಾಕಿ. ತಂದೆತಾಯಿಗಳನ್ನೂ ಕರೆಯಿರಿ, ನಾವು ಬರುತ್ತೇವೆ.

ಇಂತಿ,
ಹಾನಗಲ್ ತಾಲೂಕಿನ ಒಬ್ಬ ತಾಯಿ