ಫುಜಿಯಾನ್‌ನಿಂದ ತೀರ್ಥಹಳ್ಳಿಗೆ ಒಂದು ಪತ್ರ

ಪ್ರೀತಿಯ ಸುರೇಶ,

"ಅಲ್ಲಿ ಕಾಡು ಇದೆಯಾ, ಇಲ್ಲ ಬರೀ ಫ್ಯಾಕ್ಟರಿಯಾ?" ಅಂತ ಕೇಳಿದ್ದೆಯಲ್ಲ. ಇದೆ ಮಾರಾಯ, ಬೇಕಾದಷ್ಟು. ಫುಜಿಯಾನ್ ಪ್ರಾಂತ್ಯದ ಶೇ 65ರಷ್ಟು ನೆಲ ಕಾಡು, ಇಡೀ ಚೀನಾದಲ್ಲೇ ಮೊದಲ ಸ್ಥಾನ. ಶಿಯಾಮೆನ್‌ನಲ್ಲಿ ರೈಲು ಹತ್ತಿ ವುಯಿ ಬೆಟ್ಟದ ಕಡೆ ಹೊರಟರೆ ಸುರಂಗ ಬಿಟ್ಟರೆ ಹಸಿರು, ಹಸಿರು ಬಿಟ್ಟರೆ ಸುರಂಗ.

ಆದರೆ ನೀನು ಕಿಟಕಿ ಪಕ್ಕ ಕೂತಿದ್ದರೆ ಸ್ವಲ್ಪ ಹೊತ್ತಿಗೇ ಮೂಗು ಮುರಿಯುತ್ತಿದ್ದೆ. ಆ ಹಸಿರಿನಲ್ಲಿ ಬಹಳಷ್ಟು ನೆಟ್ಟು ಬೆಳೆಸಿದ್ದು. ಚೀನಾ ಫರ್ ಅನ್ನುವ ಮರ. ಒಂದೇ ವಯಸ್ಸು, ಒಂದೇ ಎತ್ತರ, ಸಾಲು ಸಾಲು. ಎಲೆ ಮುಟ್ಟಿದರೆ ಚುಚ್ಚುತ್ತದೆ. ಒಣಗಿದ ಮೇಲೆ ಟೊಂಗೆ ಸಮೇತ ಬೀಳುತ್ತದೆ, ಬೇಗ ಕೊಳೆಯುವುದೂ ಇಲ್ಲ. ಇಪ್ಪತ್ತೈದು ಮೂವತ್ತು ವರ್ಷಕ್ಕೆ ಕಡಿದು ಮತ್ತೆ ಅದನ್ನೇ ನೆಡುತ್ತಾರೆ. ನಮ್ಮ ಅಕೇಶಿಯಾ ಪ್ಲಾಂಟೇಶನ್ ಕಥೆಯೇ ಅಲ್ವಾ? ಸರ್ಕಾರದ ಲೆಕ್ಕದಲ್ಲಿ ಇದೂ ಕಾಡೇ.

ಬಿದಿರು ಮಾತ್ರ ನನಗೆ ತುಂಬಾ ಹಿಡಿಸಿತು. ನಮ್ಮದರ ಹಾಗೆ ಮೆಳೆ ಕಟ್ಟುವುದಿಲ್ಲ, ಮುಳ್ಳೂ ಇಲ್ಲ. ಬೇರುಗಡ್ಡೆ ಮಣ್ಣೊಳಗೇ ಓಡಿ, ಅಲ್ಲೊಂದು ಇಲ್ಲೊಂದು ಗಳ ಎಬ್ಬಿಸುತ್ತದೆ. ಒಳಗೆ ಕಾಲಿಟ್ಟರೆ ಅಡಿಕೆ ತೋಟ ಹೊಕ್ಕ ಹಾಗೆ. ಎಳೆ ಗಳದ ಮೇಲೆ ನವಿರಾದ ರೋಮ, ಗೆಣ್ಣಿನ ಕೆಳಗೆ ಬಿಳಿ ಪುಡಿ, ಬೆರಳಿಗೆ ಹತ್ತುತ್ತದೆ. ಕಳಲೆಗೆ ಇವರು ಮಳೆಗಾಲ ಕಾಯುವುದಿಲ್ಲ. ಚಳಿಗಾಲದಲ್ಲೇ, ಅದು ಮಣ್ಣಿನಿಂದ ತಲೆ ಎತ್ತುವ ಮೊದಲೇ, ನೆಲ ಎಲ್ಲಿ ಸಣ್ಣಗೆ ಬಿರಿದಿದೆ ಅಂತ ನೋಡಿ ಅಗೆದು ತೆಗೆಯುತ್ತಾರೆ. ಕಣ್ಣು ಪಳಗಬೇಕು ಅದಕ್ಕೆ.

ಹಳೇ ಕಾಡು ಬೇಕೆಂದರೆ ಹಳ್ಳಿಗಳ ಬೆನ್ನಿಗೆ ಹೋಗಬೇಕು. ಫೆಂಗ್‌ಶುಯಿ ಕಾಡು ಅಂತಾರೆ. ಕಡಿದರೆ ಊರಿಗೆ ಕೇಡು ಅಂತ ತಲೆಮಾರುಗಳಿಂದ ಉಳಿಸಿಕೊಂಡ ತುಂಡುಗಳು. ದೇವರಕಾಡು ನೋಡಿ ಬೆಳೆದ ನಿನಗೆ ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಕರ್ಪೂರದ ಮರ, ಬುಡದಲ್ಲಿ ಊದುಬತ್ತಿ, ಕೆಂಪು ಬಟ್ಟೆ.

ಇಲ್ಲವೇ ವುಯಿ ಬೆಟ್ಟದ ಒಳಭಾಗ. 1979ರಿಂದ ಸಂರಕ್ಷಿತ, 2021ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ತೊರೆಗಳಲ್ಲಿ ಮೀಸೆ ಕಪ್ಪೆ ಇದೆ. ಮರಿ ಮಾಡುವ ಕಾಲದಲ್ಲಿ ಗಂಡಿನ ಮೇಲ್ದುಟಿಯ ಮೇಲೆ ಕಪ್ಪು ಮುಳ್ಳು ಮೂಡುತ್ತವೆ, ಕಾಲ ಮುಗಿದರೆ ಉದುರಿ ಹೋಗುತ್ತವೆ. ಎಲ್ಲ ಕಪ್ಪೆಗೂ ಮಳೆಗಾಲ ಬೇಕಾದರೆ ಈ ಮಹಾಶಯನಿಗೆ ನವೆಂಬರ್ ಚಳಿ ಬೇಕು!

ಹುಲಿ? ನೀನು ಕೇಳೇ ಕೇಳುತ್ತೀ. ದಕ್ಷಿಣ ಚೀನಾ ಹುಲಿಗೆ ಇದೂ ತವರು. 1950ರ ದಶಕದ ಆರಂಭದಲ್ಲಿ ಸುಮಾರು 4,000 ಇದ್ದವೆಂದು ಅಂದಾಜು. ಪೀಡೆ ಅಂತ ಸರ್ಕಾರವೇ ಹೊಡೆಸಿತು. ಈಗ ಕಾಡಿನಲ್ಲಿ ಒಂದೂ ಇಲ್ಲ ಅಂತಲೇ ಲೆಕ್ಕ. ಬೋನಿನಲ್ಲಿರುವವೆಲ್ಲ ಬರೀ ಆರು ಹುಲಿಗಳ ಸಂತತಿ. ಇತ್ತ ಕಾಡುಹಂದಿ ಕಾಟ ಜಾಸ್ತಿಯಾಗಿ, 2023ರಲ್ಲಿ ಚೀನಾ ಹಂದಿಯನ್ನು ರಕ್ಷಣೆಯ ಪಟ್ಟಿಯಿಂದಲೇ ತೆಗೆಯಿತು.

ಇದೇ ಪ್ರಾಂತ್ಯದ ಮೇಹುವಾ ಬೆಟ್ಟದಲ್ಲಿ ಹುಲಿ ಸಾಕುತ್ತಿದ್ದಾರೆ, ಮುಂದೆಂದಾದರೂ ಕಾಡಿಗೆ ಬಿಡುವ ಆಸೆಯಿಂದ. ಹೊಟ್ಟೆಗೆ ಹಂದಿ ಸಿಗಬಹುದು. ಆದರೆ ಅಡ್ಡಾಡಲು ಆ ಫರ್ ಸಾಲುಗಳೇ ಅಂದರೆ ನನಗಂತೂ ನಂಬಿಕೆಯಿಲ್ಲ. ನಾಗರಹೊಳೆ ಸುತ್ತಿದವನು ನೀನು, ಏನಂತೀಯ? ಬರಿ.

ನಿನ್ನ,
ರಘು