ಇಟಿಪಿಗೆ ಕೆಲಸ ಬಲ್ಲವರನ್ನೇ ನೇಮಿಸಿ

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಕ್ರೋಮ್ ಪ್ಲೇಟಿಂಗ್ (ಲೋಹಕ್ಕೆ ಕ್ರೋಮಿಯಂ ಲೇಪಿಸುವ) ಘಟಕಗಳಲ್ಲಿ ಕೈಗೆ ಸಿಕ್ಕ ಹೆಲ್ಪರ್‌ನನ್ನು ಇಟಿಪಿಗೆ, ಅಂದರೆ ತ್ಯಾಜ್ಯ ನೀರು ಶುದ್ಧೀಕರಣ ಘಟಕಕ್ಕೆ, ನಿಲ್ಲಿಸಿದರೆ ಎಷ್ಟು ದುಬಾರಿ ಯಂತ್ರವಿದ್ದರೂ ವ್ಯರ್ಥ. ಪ್ಲೇಟಿಂಗ್‌ನಿಂದ ಬರುವ ಹಳದಿ ತ್ಯಾಜ್ಯ ನೀರಿಗೆ ಆಮ್ಲ ಹಾಕಿ ಪಿಎಚ್ (ಆಮ್ಲ-ಕ್ಷಾರದ ಅಳತೆ) 2–3ಕ್ಕೆ ಇಳಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿ, ಬಣ್ಣ ಹಸಿರಿಗೆ ತಿರುಗಿದ ಮೇಲಷ್ಟೇ ಸುಣ್ಣ ಹಾಕಿ 8–9ಕ್ಕೆ ಏರಿಸಬೇಕು. ಆಗ ಕ್ರೋಮಿಯಂ ಕೆಸರಾಗಿ ತಳ ಸೇರುತ್ತದೆ. ಆತುರಪಟ್ಟು ಮೊದಲೇ ಸುಣ್ಣ ಸುರಿದರೆ ಹಳದಿ ಬಣ್ಣಕ್ಕೆ ಕಾರಣವಾದ ವಿಷಕಾರಿ ಹೆಕ್ಸಾವೇಲೆಂಟ್ ಕ್ರೋಮಿಯಂ ನೀರಿನಲ್ಲೇ ಕರಗಿ ಉಳಿದು ಚರಂಡಿಗೆ ಹರಿಯುತ್ತದೆ.

ಸಂದರ್ಶನದಲ್ಲಿ ಅಭ್ಯರ್ಥಿಯ ಕೈಗೆ ಪಿಎಚ್ ಮೀಟರ್ ಕೊಡಿ. ಪಿಎಚ್ 4 ಮತ್ತು 7ರ ಬಫರ್ ದ್ರಾವಣದಲ್ಲಿ (ಪಿಎಚ್ ನಿಗದಿಯಾಗಿರುವ ದ್ರಾವಣ) ಅದನ್ನು ಸರಿಹೊಂದಿಸಲಿ, ಒಂದು ಲೀಟರ್ ನೀರಿನಲ್ಲಿ ಜಾರ್ ಟೆಸ್ಟ್ (ಎಷ್ಟು ರಾಸಾಯನಿಕ ಬೇಕೆಂದು ಸ್ವಲ್ಪ ನೀರಿನಲ್ಲಿ ನೋಡುವ ಪರೀಕ್ಷೆ) ಮಾಡಿ ತೋರಿಸಲಿ. ರಾತ್ರಿ ಪಾಳಿಗೂ ಇಂಥವರೇ ಬೇಕು. ನೀರು ಸರಿಯಿಲ್ಲದಾಗ ಹೊರಬಿಡುವ ವಾಲ್ವ್ ಮುಚ್ಚುವ ಅಧಿಕಾರವನ್ನು ನೇಮಕ ಪತ್ರದಲ್ಲೇ ಬರೆದುಕೊಡಿ.